ಒಂದು ಕವಳದೆಲೆಯಷ್ಟು ನೆರಳು

ನಮ್ಮನೇಲಿ ಬಿಸಿಲಿನ ಯಜಮಾನ್ರು ಅಂದ್ರೆ ಮಾವ. ತಮಾಷೆಗೆ ಹೇಳ್ತಿಲ್ಲ. ಶಿರಸಿಯಿಂದ ಕುಮಟಾ ರೋಡಲ್ಲಿ ಬಂದು, ದೇವಿಮನೆ ಘಟ್ಟ ಇನ್ನೂ ಸುಮಾರು ದೂರ ಇರೋವಾಗ್ಲೇ ಒಂದು ಮಣ್ಣು ರಸ್ತೆ ಇಳಿದ್ರೆ ಸಿಗೋ ಮನೆ ನಮ್ದು, ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ದಕ್ಷಿಣಕ್ಕೆ ಅಡಿಕೆ ತೋಟ, ಎರಡರ ಮಧ್ಯೆ ಒಂದು ಅಂಗಳ. ಇಡೀ ಆಸ್ತೀಲಿ ನೆಟ್ಟಗೆ ಬಿಸಿಲು ಬೀಳೋ ಜಾಗ ಆ ಅಂಗಳ ಒಂದೇ. ಉಳಿದಿದ್ದೆಲ್ಲ ನೆರಳು, ಮತ್ತೆ ನಮ್ಮ ಹೊಟ್ಟೆ ತುಂಬೋದೂ ಆ ನೆರಳಿಂದಾನೇ, ಅಡಿಕೆ ಬುಡದಲ್ಲಿ ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸು, ವೀಳ್ಯದೆಲೆ ಬಳ್ಳಿ, ಎಲ್ಲ ತಂಪಲ್ಲಿ ಬೆಳೆಯೋವು. ಆದ್ರೆ ಬೆಳೆದ ಅಡಿಕೆ ಒಣಗೋಕೆ ಮಾತ್ರ ಬಿಸಿಲೇ ಬೇಕು. ಚಾಲಿ, ಅಂದ್ರೆ ಸಿಪ್ಪೆ ಸಮೇತ ಹಣ್ಣಡಿಕೆ, ಒಣಗೋಕೆ 40-45 ದಿವಸ ಹಿಡಿಯತ್ತೆ. ಹಾಗಾಗಿ ಅಡಿಕೆ ಗೊನೆ ಕೊಯ್ಲು ಶುರುವಾದ್ಮೇಲೆ ಅಂಗಳದ ಒಂದೊಂದು ಅಡಿಯೂ ಮಾವನ ಲೆಕ್ಕದಲ್ಲಿರತ್ತೆ, ಹಪ್ಪಳ ಸಂಡಿಗೆ ಒಣಗ್ಸೋಕೂ ಅತ್ತೆ ಪರ್ಮಿಶನ್ ಕೇಳ್ಬೇಕು.

ಇಂಥಾ ಅಂಗಳದಲ್ಲಿ, ಅದೂ ಜನವರಿ ತಿಂಗಳಲ್ಲಿ, ನಾನು ಸೋಲಾರ್ ಪ್ಯಾನಲ್ ಇಡ್ತೀನಿ ಅಂದೆ.

ಮಾವ ಬಾಯಲ್ಲಿದ್ದ ಕವಳ, ಅದೇ ಎಲೆ-ಅಡಿಕೆ, ಉಗಿದು ಬಂದು ಹೇಳಿದ್ದು ಒಂದೇ ಮಾತು. "ತಂಗಿ, ಅಡಕೆಗೇ ಬಿಸ್ಲು ಸಾಕಾಗ್ತಿಲ್ಲೆ."

ಸ್ವಲ್ಪ ಹಿಂದಿಂದ ಹೇಳ್ತೀನಿ. ನಾನು ಓದಿದ್ದು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್. ಮದುವೆಯಾಗಿ ಬರೋವಾಗ ಟ್ರಂಕಲ್ಲಿ ಸೀರೆ ಕೆಳಗೆ ಸೋಲ್ಡರಿಂಗ್ ಐರನ್ನು, ಒಂದು ಮಲ್ಟಿಮೀಟರು ಇಟ್ಕೊಂಡು ಬಂದಿದ್ದೆ, ಅವೆರಡೂ ಆರೇಳು ವರ್ಷ ಅಟ್ಟದ ಮೇಲೇ ಇದ್ವು. ಆಮೇಲೆ ಯಾರೋ ಒಬ್ರ ಎಲ್ಇಡಿ ಬಲ್ಬ್ ರಿಪೇರಿ ಮಾಡಿಕೊಟ್ಟೆ, ಅದು ಊರೆಲ್ಲ ಸುದ್ದಿಯಾಗಿ ಈಗ ನಮ್ಮನೆ ಜಗುಲೀಲಿ ಯಾವಾಗ್ಲೂ ಯಾರದ್ದಾದ್ರೂ ಒಂದು ಮಿಕ್ಸಿ ಕೂತಿರತ್ತೆ. ದುಡ್ಡು ಯಾರೂ ಕೊಡಲ್ಲ, ಬಾಳೆಗೊನೆ, ಅಪ್ಪೆಮಿಡಿ, ಜೇನುತುಪ್ಪ ಹೀಗೆ ಬರತ್ತೆ. ಇರ್ಲಿ.

ಸೋಲಾರ್ ತಲೆಗೆ ಹೊಕ್ಕಿದ್ದು ಕೊಟ್ಟಿಗೆಯಿಂದ. ಅತ್ತೆ ಬೆಳಿಗ್ಗೆ ಐದಕ್ಕೆ ಹಾಲು ಕರೆಯೋಕೆ ಹೋಗ್ತಾರೆ, ಮಳೆಗಾಲದಲ್ಲಿ ಆ ಹೊತ್ತಿಗೆ ಕಣ್ಣಿಗೆ ಬೆರಳಿಟ್ರೂ ಕಾಣಲ್ಲ, ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದೂ ಗೊತ್ತಾಗಲ್ಲ. ಜೂನ್ ಜುಲೈಲಿ ಗಾಳಿ ಎದ್ದು ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ರೆ ನಮಗೆ ಕರೆಂಟ್ ಬರೋಕೆ ಎರಡು ದಿನವೂ ಆಗ್ಬಹುದು ನಾಲ್ಕು ದಿನವೂ ಆಗ್ಬಹುದು. ಮನೇಲಿರೋ ಇನ್ವರ್ಟರ್ ಮೊದಲ ದಿನ ರಾತ್ರಿಗೇ ಕುಂಯ್ ಅಂತ ಮಲಗತ್ತೆ. ಆಮೇಲೆ ಟಾರ್ಚು, ಟಾರ್ಚಿನ ಚಾರ್ಜ್ ಮುಗಿದ್ಮೇಲೆ ಚಿಮಣಿ ಬುಡ್ಡಿ, ಹುಲ್ಲಿರೋ ಕೊಟ್ಟಿಗೇಲಿ ಚಿಮಣಿ ಬುಡ್ಡಿ ಅಂದ್ರೆ ನನಗೆ ಎದೆ ಹೊಡ್ಕೊಳ್ಳತ್ತೆ.

ಇದೆಲ್ಲ ನಡೆಯೋದು ಎಂಥಾ ಜಿಲ್ಲೇಲಿ ನೋಡಿ. ಕಾಳಿ ನದಿ ಒಂದಕ್ಕೇ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲಾಗಿ ಡ್ಯಾಮುಗಳು. ಕಾರವಾರದ ಹತ್ರ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ರಿಯಾಕ್ಟರು, ಅದರಲ್ಲಿ ಒಂದನೇ ಯುನಿಟ್ಟು 2018ರ ಡಿಸೆಂಬರ್ 31ಕ್ಕೆ ನಿಲ್ಸೋ ತನಕ 962 ದಿನ ಒಂದೇ ಸಮನೆ ಓಡಿ ಪ್ರಪಂಚದ ದಾಖಲೆ ಮಾಡಿತ್ತು. 962 ದಿನ! ನಮ್ಮನೆ ಫ್ಯೂಸಿನ ದಾಖಲೆ ಒಂಬತ್ತು ದಿನ ಇರ್ಬಹುದು ಮಳೆಗಾಲದಲ್ಲಿ. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಗಾದೆ ಅಂದ್ಕೊಂಡಿದ್ದೆ, ಅದು ನಮ್ಮ ಅಡ್ರೆಸ್ಸು.

ಇವ್ರು, ಅಂದ್ರೆ ನಮ್ಮನೆಯವ್ರು, ಪ್ರಾಕ್ಟಿಕಲ್ ಮನುಷ್ಯ. ಪೇಟೇಲಿ 75 ವ್ಯಾಟಿನ ಹೊಸಾ ಪ್ಯಾನಲ್ಲು 3,200ಕ್ಕೆ ಸಿಗತ್ತೆ, ತಂದ್ಬಿಡೋಣ ಅಂದ್ರು. ನಾನು ಇಲ್ಲ, ಬಿಡಿ ಸೆಲ್ ತರ್ಸಿ ಮಾಡಿದ್ರೆ ಅರ್ಧ ದುಡ್ಡಲ್ಲಿ ಆಗತ್ತೆ ಅಂದೆ. ಆಗತ್ತೆ ಅಂತ ನಿಜವಾಗ್ಲೂ ನಂಬಿದ್ದೆ. ವಿಡಿಯೋಗಳಲ್ಲಿ ಎಲ್ರೂ ಹಾಗೇ ಹೇಳ್ತಾರಲ್ಲ. ಇನ್ನೊಂದು ಗುಟ್ಟು ಏನಂದ್ರೆ ನನಗೆ ದುಡ್ಡು ಉಳಿಸೋದಕ್ಕಿಂತ ಕೈ ತುರಿಕೆ ಜಾಸ್ತಿ ಇತ್ತು.

ಲೆಕ್ಕ ಬಹಳ ಸರಳ ಇದೆ. ಸಿಲಿಕಾನ್ ಸೆಲ್ ದೊಡ್ಡದಿರ್ಲಿ ಸಣ್ಣದಿರ್ಲಿ, ಬಿಸಿಲಲ್ಲಿ ಕೆಲಸ ಮಾಡೋವಾಗ ಕೊಡೋದು ಸುಮಾರು ಅರ್ಧ ವೋಲ್ಟ್ ಅಷ್ಟೇ. ಅಗಲ ಜಾಸ್ತಿ ಆದಷ್ಟೂ ಆಂಪಿಯರ್ ಜಾಸ್ತಿ ಆಗತ್ತೆ, ವೋಲ್ಟ್ ಅಲ್ಲೇ ಇರತ್ತೆ. 12 ವೋಲ್ಟಿನ ಬ್ಯಾಟರಿ ಪೂರ್ತಿ ತುಂಬಬೇಕಾದ್ರೆ 14.4 ವೋಲ್ಟ್ ತನಕ ತಳ್ಬೇಕು, ಬಿಸಿಗೆ, ವೈರಿಗೆ ಅಂತ ಒಂದಿಷ್ಟು ಕಳ್ಕೊಳ್ಳೋದು ಇದ್ದೇ ಇದೆ, ಅದಕ್ಕೇ 36 ಸೆಲ್ಲು ಸರಣೀಲಿ ಜೋಡ್ಸಿ 18 ವೋಲ್ಟ್ ಮಾಡೋದು. ನಾನು ತರ್ಸಿದ್ದು 3 ಇಂಚು 6 ಇಂಚಿನ ಸೆಲ್, ಒಂದೊಂದು 1.8 ವ್ಯಾಟು, 36ಕ್ಕೆ ಹತ್ತತ್ರ 65 ವ್ಯಾಟು. ಆನ್‌ಲೈನಲ್ಲಿ 40ರ ಕಟ್ಟು 1,850 ರೂಪಾಯಿ, 36 ಬೇಕು, 4 ಎಕ್ಸ್ಟ್ರಾ, ಎಷ್ಟು ಚೊಲೋ ಅಂತ ಖುಷಿಯಾಗಿದ್ದೆ.

ಪಾರ್ಸಲ್ ಬಿಚ್ಚಿದ್ರೆ 9 ಒಡೆದಿದ್ವು.

ಸೆಲ್ ಎಷ್ಟು ತೆಳ್ಳಗಿರತ್ತೆ ಅಂತ ನಮ್ಮ ಕಡೆಯವ್ರಿಗೆ ಹೇಳೋದು ಸುಲಭ, ತೊಡೆದೇವು ಅನ್ನೋ ಕಾಗದದಂಥ ಸಿಹಿ ತಿಂಡಿ ಥರ. ಮಡಕೆ ಮೇಲಿಂದ ತೊಡೆದೇವು ಎತ್ತೋವಾಗ ಉಸಿರು ಬಿಗಿ ಹಿಡೀತೀವಲ್ಲ, ಅದೇ. ದಪ್ಪ 0.2 ಮಿಲಿಮೀಟರ್ ಅಷ್ಟೇ. ವ್ಯತ್ಯಾಸ ಏನಂದ್ರೆ ಮುರಿದ ತೊಡೆದೇವಿಗೆ ತುಪ್ಪ ಹಾಕ್ಕೊಂಡು ತಿನ್ಬಹುದು. ಕೊನೆಗೆ ಇನ್ನೂ 10 ಸೆಲ್ಲಿಗೆ 520 ಕೊಟ್ಟೆ, ಅದರಲ್ಲಿ ಮತ್ತೆ ಮೂರನ್ನ ನಾನೇ ನನ್ನ ಕೈಯಾರೆ ಮುರಿದೆ.

ಸೋಲ್ಡರಿಂಗ್ ಬಗ್ಗೆ ಬರೆಯೋಕೆ ಹೊರಟ್ರೆ ನನಗೆ ನಿಲ್ಸೋಕೆ ಆಗಲ್ಲ, ಆದ್ರೂ ಸ್ವಲ್ಪ ಹೇಳ್ತೀನಿ. ಸೆಲ್ಲಿನ ನೀಲಿ ಮುಖ ನೆಗೆಟಿವ್, ಬೂದು ಬೆನ್ನು ಪಾಸಿಟಿವ್. ನೀಲಿ ಮುಖದ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳಿರತ್ತೆ, ಅದು ಬೆಳ್ಳಿ, ಅವೆಲ್ಲ ಬಂದು ಸೇರೋ ಎರಡು ದಪ್ಪ ಪಟ್ಟಿ ಮೇಲೆ ಟ್ಯಾಬಿಂಗ್ ವೈರ್ ಅಂತ ಚಪ್ಪಟೆ ತಾಮ್ರದ ತಂತಿ ಕೂರಿಸ್ಬೇಕು. ಆ ತಂತಿಗೆ ಮೊದ್ಲೇ ತವರ-ಸೀಸದ ಬೆಸುಗೆ ಬಳಿದಿರ್ತಾರೆ. ಪಟ್ಟಿ ಮೇಲೆ ಬೆಸುಗೆ ಹಿಡಿಯೋಕೆ ಫ್ಲಕ್ಸ್ ಸವರಿ, ಐರನ್ನನ್ನ ಮೇಲಿಂದ ಕೆಳಗೆ ಒಂದೇ ಓಟದಲ್ಲಿ ಎಳೀಬೇಕು, ನಿಲ್ಸಿದ್ರೆ ಸುಡತ್ತೆ, ಒತ್ತಿದ್ರೆ ಒಡೆಯತ್ತೆ, ಅವಸರ ಮಾಡಿದ್ರೆ ಹಿಡಿಯಲ್ಲ. ಈ ಸೆಲ್ಲಿನ ಮುಖದ ತಂತಿ ಮುಂದಿನ ಸೆಲ್ಲಿನ ಬೆನ್ನಿಗೆ ಹೋಗ್ಬೇಕು, ಅದರ ಮುಖದ್ದು ಅದರ ಮುಂದಿನದ್ರ ಬೆನ್ನಿಗೆ, ಹೂ ಕಟ್ಟಿದ ಹಾಗೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಮೂರು ಗಂಟೆ ಚಾ ಆಗೋ ತನಕ ನನ್ನ ಟೈಮು. ಫ್ಲಕ್ಸಿನ ರಾಳದ ಹೊಗೆ ಒಳಮನೆ ತನಕ ಹೋಗಿ ಅತ್ತೆ "ಲೋಬಾನ ಹಾಕಿದ್ಯನೇ?" ಅಂತ ಕೇಳಿದ್ರು. ಹೌದು ಅತ್ತೆ ಅಂದೆ.

ಒಂದು ಸಾಲಿಗೆ 6 ಸೆಲ್ಲು, ಹಾಗೆ 6 ಸಾಲು. ಪ್ರತಿ ಸಾಲು ಮುಗಿದಾಗ ಹೊರಗೆ ತಂದು ಬಿಸಿಲಿಗೆ ಹಿಡಿದು ಮೀಟರ್ ಇಟ್ರೆ 3.4 ವೋಲ್ಟ್ ಬರೋದು, ಆ 3.4 ನೋಡೋದು ಒಂದು ಚಟ ಆಗೋಯ್ತು ನನಗೆ. ಎಲ್ಲ ಜೋಡ್ಸಿ ಕೊನೇಲಿ ನೋಡಿದ್ರೆ 13.7! 20ರ ಮೇಲೆ ಬರ್ಬೇಕಿತ್ತು. ಒಂದು ರಾತ್ರಿ ಪೂರ್ತಿ ಅದೇ ತಲೇಲಿ. ಬೆಳಿಗ್ಗೆ ದೋಸೆ ಮಗುಚೋವಾಗ ಹೊಳೀತು, ಒಂದು ಸಾಲನ್ನ ತಿರುಗಿಸಿ ಹಾಕಿದೀನಿ, ಅದು ತಂದ 3.4 ಕಳೆದಿದ್ದಲ್ದೆ ಬೇರೆ ಸಾಲಿನ ಇನ್ನೊಂದು 3.4ನ್ನೂ ತಿಂದು ಹಾಕಿದೆ. 36ರಲ್ಲಿ 6 ಉಲ್ಟಾ ಆದ್ರೆ ಉಳಿಯೋದು 30 ಅಲ್ಲ, 24. ತಿರುಗಿಸಿದೆ, 20.5 ಬಂತು. ದೋಸೆ ಕರಟಿತ್ತು.

ಶೋಕೇಸಿಗೆ ಹಾಕೋ ಥರದ 4 ಎಂಎಂ ಗಾಜು, 40 ಇಂಚು ಉದ್ದ 22 ಇಂಚು ಅಗಲ, ಗಾಜಿನ ಅಂಗಡೀಲಿ ಕತ್ತರಿಸಿ ಕೊಟ್ರು. ಫ್ಯಾಕ್ಟರಿ ಪ್ಯಾನಲ್ಲಿಗೆ ಹಾಕೋದು ಕಬ್ಬಿಣದ ಅಂಶ ಕಮ್ಮಿ ಇರೋ ಟಫನ್ಡ್ ಗಾಜು, ನಮ್ಮ ಸಾದಾ ಗಾಜನ್ನ ಅಂಚಿಂದ ನೋಡಿದ್ರೆ ಹಸಿರು ಕಾಣತ್ತಲ್ಲ, ಆ ಹಸಿರು ಅಂದ್ರೆನೇ ಕಬ್ಬಿಣ, ಅದು ಬೆಳಕಲ್ಲಿ ಸ್ವಲ್ಪ ಪಾಲು ತಗೊಳ್ಳತ್ತೆ. ಬೆನ್ನಿಗೆ ಮನೇಲೇ ಉಳಿದಿದ್ದ ಪ್ಲೈವುಡ್ಡು, ಸುತ್ತ ಫ್ಯಾಬ್ರಿಕೇಶನ್ ಅಂಗಡೀಲಿ ತೂಕಕ್ಕೆ ತಂದ ಅಲ್ಯೂಮಿನಿಯಂ ಆಂಗಲ್ಲು, ಅಂಚಿಗೆಲ್ಲ ಎರಡು ಟ್ಯೂಬ್ ಸಿಲಿಕೋನು. ಪ್ಲೈವುಡ್ಡು ಅನ್ನೋ ಮಾತು ನೆನಪಿಟ್ಕೊಳಿ.

ಈಗ ಅಂಗಳದ ವಿಷಯ. ಮಾವ ಬೇಡ ಅಂದ್ಮೇಲೂ, ಟೆಸ್ಟಿಂಗಿಗೆ ಅಂತ ಒಂದು ಮಧ್ಯಾಹ್ನ ಅಡಿಕೆ ರಾಶಿ ಪಕ್ಕ ಎರಡು ಅಡಿ ಜಾಗ ಗಿಟ್ಟಿಸ್ಕೊಂಡೆ. ಅಣ್ಣನ ಹಳೇ ಕಾರಿಂದ ಬಿಚ್ಚಿದ 35 ಆಂಪಿಯರ್ ಅವರ್ ಬ್ಯಾಟರಿ ಇತ್ತು, ಕಾರು ಬ್ಯಾಟರಿ ಇದಕ್ಕೆ ತಕ್ಕದ್ದಲ್ಲ, ಅದು ಒಂದೇ ಸಲಕ್ಕೆ ಜೋರಾಗಿ ಕೊಟ್ಟು ಸ್ಟಾರ್ಟ್ ಮಾಡೋಕೆ ಇರೋದು, ದಿನಾ ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಇದ್ರೆ ಬೇಗ ಸಾಯತ್ತೆ, ಗೊತ್ತಿದ್ದೂ ಪುಕ್ಕಟೆ ಅಂತ ತಂದಿದ್ದೆ. ಕನೆಕ್ಷನ್ ಕೊಟ್ಟೆ. ಮೀಟರಲ್ಲಿ 3.1 ಆಂಪ್. ನಾನೊಬ್ಳೇ ಅಂಗಳದಲ್ಲಿ ನಿಂತು ಹಲ್ಲು ಕಿರೀತಾ ಇದ್ದೆ, ಮಾವ ಜಗುಲಿಯಿಂದ ಇಳಿದು ಬಂದ್ರು, ಕೈಲಿ ಕವಳದ ಬಟ್ಲು.

"ಇದು ಯಾವಾಗ ಕಂಡು ಹಿಡಿದಿದ್ದು?" ಅಂತ ಕೇಳಿದ್ರು. ಅಮೆರಿಕದ ಬೆಲ್ ಲ್ಯಾಬ್ಸಲ್ಲಿ ಚೇಪಿನ್, ಫುಲ್ಲರ್, ಪಿಯರ್‌ಸನ್ ಅಂತ ಮೂರು ಜನ ಸಿಲಿಕಾನ್ ಸೆಲ್ ಮಾಡಿ ತೋರ್ಸಿದ್ದು 1954ರ ಏಪ್ರಿಲಲ್ಲಿ, ಬಿದ್ದ ಬೆಳಕಲ್ಲಿ ನೂರಕ್ಕೆ ಆರು ಪಾಲು ಮಾತ್ರ ಕರೆಂಟ್ ಆಗ್ತಿತ್ತು ಅಂದೆ. ಮಾವ ಹುಟ್ಟಿದ್ದೂ 1954. "ಹಂಗಾರೆ ಆನೂ ಇದೂ ಒಂದೇ ವಾರಗೆ ಹೇಳಾತು" ಅಂತ ನಕ್ಕು ಪ್ಯಾನಲ್ ಪಕ್ಕ ಕುಕ್ಕರುಗಾಲಲ್ಲಿ ಕೂತು ಕವಳ ಹಚ್ಚೋಕೆ ಶುರು ಮಾಡಿದ್ರು, ಎಲೆ ಒರೆಸಿ ಸುಣ್ಣ ಸವರೋಕೆ ಅಂತ ಒಂದು ಎಲೆ ತೆಗೆದು, ಇಡೋಕೆ ಬೇರೆ ಜಾಗ ಇಲ್ದೆ ಗಾಜಿನ ಮೇಲೇ ಇಟ್ರು.

3.1 ಇದ್ದಿದ್ದು 0.4ಕ್ಕೆ ಬಂತು.

ನಾನು ವೈರ್ ಲೂಸ್ ಆಯ್ತು ಅಂದ್ಕೊಂಡು ಬ್ಯಾಟರಿ ಕಡೆ ಓಡಿದೆ. ಎಲ್ಲ ಸರಿ ಇದೆ. ಮಾವ ಎಲೆ ಎತ್ತಿದ್ರು, 3.1. ನಮ್ಮಿಬ್ರಿಗೂ ಒಟ್ಟಿಗೇ ಗೊತ್ತಾಯ್ತು. ಮಾವ ಬೇಕಂತ್ಲೇ ಮತ್ತೆ ಇಟ್ರು, 0.4. ತೆಗೆದ್ರು, 3.1. ಇಟ್ರು. ಎಪ್ಪತ್ತರ ಹತ್ರದ ಮನುಷ್ಯ ಆಟದ ಸಾಮಾನು ಸಿಕ್ಕಿದ ಮಾಣಿ ಥರ ಆಗಿದ್ರು. "ಒಂದು ಎಲೆಗೆ? ಇಷ್ಟು ದೊಡ್ಡದು ಪೂರಾ ಹೋಗ್ತು?"

ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೇಲಿ ಬರೆದೂ ಇರ್ಬೇಕು. ಸರಣೀಲಿ ಇರೋ 36 ಸೆಲ್ಲಲ್ಲೂ ಹರಿಯೋದು ಒಂದೇ ಕರೆಂಟು, ಹಾಗಾಗಿ ಅತಿ ಬಡವಾದ ಸೆಲ್ ಎಷ್ಟು ಬಿಡತ್ತೋ ಅಷ್ಟೇ ಎಲ್ಲದರಿಂದ ಬರೋದು. ತೋಟದ ಕಾಲುವೇಲಿ ಒಂದು ಕಡೆ ಹಾಳೆ ಸಿಕ್ಕಿಬಿದ್ರೆ ಕೆಳಗಿನ ಅಡಿಕೆ ಸಾಲಿಗೆಲ್ಲ ನೀರು ನಿಲ್ಲತ್ತಲ್ಲ ಹಾಗೆ. ಅಷ್ಟೇ ಅಲ್ಲ, ನೆರಳಾದ ಸೆಲ್ ಕೊಡೋದು ಬಿಟ್ಟು ಉಳಿದವ್ರು ತಳ್ಳಿದ್ದನ್ನ ತಾನು ಕುಡಿದು ಬಿಸಿಯಾಗತ್ತೆ, ಜಾಸ್ತಿ ಹೊತ್ತು ಬಿಟ್ರೆ ಅಲ್ಲೇ ಸುಟ್ಟೂ ಹೋಗತ್ತೆ. ಅದಕ್ಕೇ ಫ್ಯಾಕ್ಟರಿ ಪ್ಯಾನಲ್ಲಲ್ಲಿ 18 ಸೆಲ್ಲಿಗೆ ಒಂದರಂತೆ ಬೈಪಾಸ್ ಡಯೋಡ್ ಇಟ್ಟಿರ್ತಾರೆ, ನೆರಳಾದ ಭಾಗ ಬಿಟ್ಟು ಕರೆಂಟು ಪಕ್ಕದ ದಾರೀಲಿ ಹೋಗ್ಲಿ ಅಂತ. ನಾನು ಹಾಕಿರ್ಲಿಲ್ಲ. ಹಾಕಿದ್ರೂ ನಮಗೆ ಚಾರ್ಜಿಂಗಿಗೆ ಉಪಯೋಗ ಇಲ್ಲ ಅನ್ನೋದು ಇನ್ನೊಂದು ಕಥೆ, 18 ಸೆಲ್ ಬಿಟ್ಟು ಉಳಿದ 18ರಿಂದ ಬರೋದು 9 ವೋಲ್ಟು, 9 ವೋಲ್ಟ್ ಇಟ್ಕೊಂಡು 12ರ ಬ್ಯಾಟರಿ ಚಾರ್ಜ್ ಆಗಲ್ಲ, ಸೆಲ್ ಸುಡೋದು ತಪ್ಪತ್ತೆ ಅಷ್ಟೇ.

ಆವತ್ತಿಂದ ನನಗೆ ನಮ್ಮನೆ ಸುತ್ತ ಬರೀ ನೆರಳೇ ಕಾಣೋಕೆ ಶುರುವಾಯ್ತು. ಹಲಸಿನ ಮರದ್ದು, ಮಾವಿನ ಮರದ್ದು, ತೆಂಗಿನದ್ದು, ಹಂಚಿನ ಮಾಡಿನ ಕೋಳು, ಬಟ್ಟೆ ಹಾಕೋ ಹಗ್ಗ, ಆ ಹಗ್ಗದ್ದೂ ಕೂಡ. ಅಂಗಳ ಸಿಗಲ್ಲ ಅಂತ ಆಗಿದ್ದಕ್ಕೆ ಇವ್ರನ್ನ ಹಿಡಿದು ಪ್ಯಾನಲ್ಲನ್ನ ಮನೆ ಮಾಡಿನ ಮೇಲೆ ಕೂರಿಸಿದ್ವಿ. ಅಲ್ಲಿಂದ ಕೊಟ್ಟಿಗೇಲಿದ್ದ ಬ್ಯಾಟರಿಗೆ 30 ಮೀಟರ್ ವೈರು, ಮನೇಲಿದ್ದ 1.5 ಚದರ ಎಂಎಂನದ್ದೇ ಎಳೆದೆ. ಹೋಗಿ ಬರೋದು ಸೇರಿ 60 ಮೀಟರ್ ಆಯ್ತಲ್ಲ, 3 ಆಂಪ್ ಹರಿದ್ರೆ ಸುಮಾರು 2 ವೋಲ್ಟ್ ದಾರೀಲೇ ಖರ್ಚು. ಅದ್ರ ಮೇಲೆ ಏಪ್ರಿಲ್ ಸೆಕೆಗೆ ಪ್ಯಾನಲ್ ಮುಟ್ಟೋಕಾಗದಷ್ಟು ಕಾದು, 18 ಇರ್ಬೇಕಾದ್ದು 16ಕ್ಕೆ ಇಳಿಯೋದು. ಸೋಲಾರಿಗೆ ಬೇಕಾಗಿದ್ದು ಬೆಳಕು, ಬಿಸಿ ಅಲ್ಲ, 25 ಡಿಗ್ರಿ ದಾಟಿದ್ಮೇಲೆ ಸೆಲ್ ಒಂದೊಂದು ಡಿಗ್ರಿ ಕಾದ ಹಾಗೂ ನೂರಕ್ಕೆ 0.4 ಲೆಕ್ಕದಲ್ಲಿ ಪವರ್ ಕಮ್ಮಿ. 16ರಲ್ಲಿ 2 ಕಳೆದ್ರೆ 14, ಬೇಕಾಗಿದ್ದು 14.4. ಬ್ಯಾಟರಿ ಯಾವತ್ತೂ ಪೂರ್ತಿ ತುಂಬ್ತಾನೇ ಇರ್ಲಿಲ್ಲ. ಮಧ್ಯೆ ಮಂಗಗಳು ಎರಡು ಸಲ ವೈರ್ ಕಿತ್ವು. ಪ್ಯಾನಲ್ ಮೇಲೆ ಸಾಲಾಗಿ ಕೂತು ಗಾಜಲ್ಲಿ ಮುಖ ನೋಡ್ಕೊಳ್ತಾ ಇದ್ವು ಅಂತ ಅತ್ತೆ ಹೇಳ್ತಾರೆ, ಒಡೀಲಿಲ್ಲ ಅನ್ನೋದೇ ಪುಣ್ಯ.

ಮಳೆ ಬಂತು. ಜೂನ್ ಕೊನೆಗೆ ಗಾಜಿನ ಒಳಗಡೆ ಬೆವರು. ಜುಲೈಲಿ ಪ್ಲೈವುಡ್ ಉಬ್ಬಿ, ಸಿಲಿಕೋನ್ ಅಂಚು ಬಿಟ್ಕೊಂಡು, ಒಳಗೆ ಬಿಳೀ ಬೂಸಲು. ಬೂಸಲು, ಸೋಲಾರ್ ಪ್ಯಾನಲ್ಲಿಗೆ! ಉಪ್ಪಿನಕಾಯಿಗೆ ಬರೋದು ಗೊತ್ತಿತ್ತು. ಟ್ಯಾಬಿಂಗ್ ತಂತಿ ಹಸಿರಾಗಿ, ಕೆಲವು ಕಡೆ ಕಪ್ಪಾಗಿ, ಮೀಟರಲ್ಲಿ ಸೊನ್ನೆ. ಒಣ ಸೀಮೆಯವ್ರು ಮಾಡಿದ ವಿಡಿಯೋ ನೋಡಿ ಮಲೆನಾಡಲ್ಲಿ ಪ್ಲೈವುಡ್ ಹಾಕಿದ್ದು ನನ್ನ ಬುದ್ಧಿ. ಸೆಲ್ ಬಿಚ್ಚಿ ಉಳಿಸ್ಕೊಳ್ಳೋಣ ಅಂದ್ರೆ ಒಂದೂ ಇಡಿಯಾಗಿ ಬರ್ಲಿಲ್ಲ. 4,130 ರೂಪಾಯಿ. ಇವ್ರು ಏನೂ ಅನ್ಲಿಲ್ಲ, ಆ 3,200ರ ಮಾತೂ ಎತ್ಲಿಲ್ಲ, ಅದೇ ಜಾಸ್ತಿ ಉರಿ.

ಅದೇ ವರ್ಷ, 2023ರಲ್ಲಿ, ಗೃಹಜ್ಯೋತಿ ಬಂತು, 200 ಯುನಿಟ್ ತನಕ ಬಿಲ್ಲೇ ಇಲ್ಲ. ಕರೆಂಟೇ ಪುಕ್ಕಟೆ ಆದ್ಮೇಲೆ ನಿನ್ನ ಸೋಲಾರ್ ಎಂತಕ್ಕೆ ಅಂತ ನೆಂಟರಲ್ಲಿ ಸುಮಾರು ಜನ ಕೇಳಿದ್ರು. ಬಿಲ್ ಇಲ್ಲ ಸರಿ, ಕರೆಂಟೂ ಇಲ್ವಲ್ಲ ಮಾರಾಯ್ರೆ ಅಂತ ನಾನು.

ಎರಡನೇ ಸಲ ಮಾಡ್ತೀನಿ ಅಂತ ಯಾರಿಗೂ ಹೇಳ್ದೆ ಸೆಲ್ ತರ್ಸಿದೆ, 2024ರ ಫೆಬ್ರವರಿ. ಈ ಸಲ ಇವಿಎ ಅನ್ನೋ ಪ್ಲಾಸ್ಟಿಕ್ ಶೀಟು, ಬೆನ್ನಿಗೆ ಬಿಳೀ ಬ್ಯಾಕ್‌ಶೀಟು. ಗಾಜು, ಅದರ ಮೇಲೆ ಇವಿಎ, ಅದರ ಮೇಲೆ ಬೋರಲಾಗಿ ಸೆಲ್ಲು, ಮತ್ತೆ ಇವಿಎ, ಕೊನೇಲಿ ಬ್ಯಾಕ್‌ಶೀಟು. ಫ್ಯಾಕ್ಟರೀಲಿ ಇದನ್ನ ಗಾಳಿ ಎಳೆದು 140-150 ಡಿಗ್ರಿ ಶಾಖದಲ್ಲಿ ಒತ್ತಿ ಒಂದೇ ಹಲಗೆ ಮಾಡ್ತಾರೆ, ಇವಿಎ ಕರಗಿ ಗಾಜಿನ ಹಾಗೇ ತಿಳಿಯಾಗತ್ತೆ, ಒಳಗೆ ಗಾಳಿಗೂ ಜಾಗ ಇಲ್ಲ ನೀರಿಗೂ ಇಲ್ಲ. ನನ್ನ ಹತ್ರ ಇದ್ದಿದ್ದು ಇಸ್ತ್ರಿ ಪೆಟ್ಟಿಗೆ. ಹಳೇ ಪಂಚೆ ಹಾಸಿ ಬೆನ್ನಿಂದ ಇಸ್ತ್ರಿ ತಿಕ್ಕಿದೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಗುಳ್ಳೆ ಹೊರಗೆ ತಳ್ತಾ ತಳ್ತಾ. ಮುಕ್ಕಾಲು ಮುಗಿಯೋ ಹೊತ್ತಿಗೆ ಕರೆಂಟ್ ಹೋಯ್ತು. ನಗೋದೋ ಅಳೋದೋ. ಅತ್ತೆ ಹೋಗಿ ಒಲೆಯಿಂದ ಕೆಂಡ ತಂದು ಅಜ್ಜನ ಕಾಲದ ಹಿತ್ತಾಳೆ ಇಸ್ತ್ರಿ ಪೆಟ್ಟಿಗೆಗೆ ತುಂಬಿ ಕೊಟ್ರು. ಉಳಿದ ಕಾಲು ಭಾಗ ಕೆಂಡದ್ದು. ಈಗ್ಲೂ ಆ ಮೂಲೇಲಿ ಗುಳ್ಳೆ ಜಾಸ್ತಿ ಇದೆ, ಆದ್ರೆ ಗಟ್ಟಿ ಇದೆ. ಡಯೋಡ್ ಇರೋ ಜಂಕ್ಷನ್ ಬಾಕ್ಸೂ ಹಾಕಿದೆ ಈ ಸಲ, ಒಟ್ಟು 3,410. ಎರಡೂ ಸೇರಿ 7,540 ಆಯ್ತು, ಆ ದುಡ್ಡಿಗೆ ಪೇಟೇದು ಎರಡು ಬಂದು ಮೇಲೆ ಸಾವಿರ ಉಳೀತಿತ್ತು. ಹಾಗಾಗಿ ಯಾರಾದ್ರೂ ದುಡ್ಡು ಉಳಿಸೋಕೆ ಅಂತ ಪ್ಯಾನಲ್ ಮನೇಲಿ ಮಾಡೋಕೆ ಹೊರಟಿದ್ರೆ ದಯವಿಟ್ಟು ಬೇಡ. ಕೈ ತುರಿಕೆಗೆ ಮಾಡೋದಾದ್ರೆ ಸೆಲ್ ಹತ್ತು ಜಾಸ್ತಿನೇ ತರ್ಸಿ.

ಉಳಿದಿದ್ದು ಜಾಗ. ನಾನು ಮೊಬೈಲಲ್ಲಿ ಸೂರ್ಯ ಎಲ್ಲಿ ಹೋಗ್ತಾನೆ ಅಂತ ತೋರ್ಸೋ ಆಪ್ ಹಾಕ್ಕೊಂಡು ಅಂಗಳದಲ್ಲಿ ಗಿರಗಿರ ತಿರುಗ್ತಾ ಇದ್ದೆ. ನಮ್ಮ ಶಿರಸಿ ಇರೋದು ಹೆಚ್ಚು ಕಮ್ಮಿ 14.6 ಡಿಗ್ರಿ ಉತ್ತರದಲ್ಲಿ, ಡಿಸೆಂಬರ್ ಕೊನೇಲಿ ಮಟಮಟ ಮಧ್ಯಾಹ್ನವೂ ಸೂರ್ಯ 52 ಡಿಗ್ರಿಗಿಂತ ಮೇಲೆ ಏರಲ್ಲ, ಸಪಾಟು ನೆಲದಲ್ಲಿ 45 ಅಡಿ ಅಡಿಕೆ ಮರದ ನೆರಳು ಆಗ 35 ಅಡಿ ಬೀಳತ್ತೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಇದನ್ನೆಲ್ಲ ಕಾಗದದ ಮೇಲೆ ಗುಣಾಕಾರ ಮಾಡ್ತಾ ಕೂತಿದ್ದೆ. ಆಪಿಗೆ ಸೂರ್ಯ ಗೊತ್ತು, ನಮ್ಮ ಹಲಸಿನ ಮರ ಗೊತ್ತಿಲ್ಲ.

ಮಾವ ನೋಡೋಷ್ಟು ನೋಡಿದ್ರು. ಆಮೇಲೆ ಕವಳದ ಬಟ್ಲಿಂದ ಸುಣ್ಣದ ಡಬ್ಬಿ ತೆಗೆದು ಬೆರಳಿಗೆ ಹಚ್ಕೊಂಡು ಅಂಗಳದ ನೆಲದ ಮೇಲೆ ಗೆರೆ ಎಳೆಯೋಕೆ ಶುರು ಮಾಡಿದ್ರು. ಸಂಕ್ರಾಂತಿಗೆ ತೋಟದ ನೆರಳು ತುಳಸಿಕಟ್ಟೆ ತನಕ ಬತ್ತು, ಇಲ್ಲಿ. ಶಿವರಾತ್ರಿಗೆ ಮೆಟ್ಲಿಗೆ ಇಳೀತು, ಇಲ್ಲಿ. ಯುಗಾದಿ ಕಳೆದ್ಮೇಲೆ ತೋಟದ ನೆರಳು ಅಂಗಳಕ್ಕೆ ಇಲ್ಲೆ. ಹಲಸಿಂದು ನಾಲ್ಕು ಗಂಟೆ ಮೇಲೆ. ಮಳೆಗಾಲದಲ್ಲಿ ಬಿಸ್ಲು ಬಿದ್ರೆ ಮಧ್ಯಾಹ್ನ ಕಂಬದ ನೆರಳು ದಕ್ಷಿಣಕ್ಕೆ ಬೀಳ್ತು, ನೋಡಿದ್ಯನೇ? ನಾನು ನೋಡಿರ್ಲಿಲ್ಲ. ಮನೆಗೆ ಹೋಗಿ ಲೆಕ್ಕ ಹಾಕಿದ್ರೆ ಸರಿಯಾಗೇ ಇತ್ತು, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನಮ್ಮ ತಲೆ ಮೇಲಿಂದ ಉತ್ತರಕ್ಕೆ ವಾಲಿರ್ತಾನೆ. ಐವತ್ತು ವರ್ಷ ಅಡಿಕೆ ಹರಡಿ, ಕೈಯಾಡಿಸಿ, ಮೋಡ ಬಂದಾಗ ಒಟ್ಟು ಮಾಡಿ, ನೆರಳು ಸರಿದ ಹಾಗೆ ರಾಶಿ ಸರಿಸಿ ಸರಿಸಿ ಬಂದ ಲೆಕ್ಕ ಅದು. ನನ್ನ ಜನವರಿ ಅರ್ಜಿಗೆ ಬೇಡ ಅಂದಿದ್ದು ಹಠಕ್ಕಲ್ಲ, ಅಂಗಳ ಆಗ ಎಷ್ಟು ಚಿಕ್ಕದಾಗಿರತ್ತೆ ಅಂತ ಅವ್ರಿಗೆ ಅಡಿ ಲೆಕ್ಕದಲ್ಲಿ ಗೊತ್ತಿತ್ತು.

ಹಾಗಾದ್ರೆ ವರ್ಷ ಪೂರ್ತಿ ನೆರಳಿಲ್ಲದ ಜಾಗ ಎಲ್ಲಿದೆ ಮಾವ ಅಂತ ಕೇಳಿದೆ. ಇಷ್ಟು ದಿನ ಕೇಳೇ ಇರ್ಲಿಲ್ಲ ನಾನು, ಇಡ್ತೀನಿ ಅಂತ ಹೇಳಿದ್ದೆ ಅಷ್ಟೇ.

"ಗೋಬರ್ ಗ್ಯಾಸ್ ಗುಂಡಿ ಮೇಲೆ."

ಕೊಟ್ಟಿಗೆ ಪಕ್ಕದಲ್ಲೇ. ಬೇರು ಹೊಕ್ಕು ಗುಂಡಿ ಗೋಡೆ ಬಿರುಕು ಬಿಡತ್ತೆ ಅಂತ ಮಾವನೇ ಅದರ ಸುತ್ತ ಒಂದು ಗಿಡವೂ ಏಳದ ಹಾಗೆ ನೋಡ್ಕೊಂಡು ಬಂದಿದ್ದಾರೆ. ಬೆಳಿಗ್ಗೆ ಒಂಬತ್ತರಿಂದ ಮೂರೂವರೆ ತನಕ ಬಿಸಿಲು, ಸಗಣಿ ಗುಂಡಿ ಮೇಲೆ ಅಂತ ಅಡಿಕೆ ಯಾವತ್ತೂ ಅಲ್ಲಿ ಒಣಗಿಸೋದಿಲ್ಲ. ಬ್ಯಾಟರಿಗೆ ವೈರ್ 6 ಮೀಟರ್ ಸಾಕಾಯ್ತು. ನಾಲ್ಕು ಕಂಬ ನೆಟ್ಟು, ದಕ್ಷಿಣಕ್ಕೆ ಮುಖ ಮಾಡಿ, ಓರೆ ಮಾತ್ರ 15 ಡಿಗ್ರಿಗಿಂತ ಸ್ವಲ್ಪ ಜಾಸ್ತಿನೇ ಇಟ್ಟೆ, ನಮ್ಮ ಕಡೆ ಸಪಾಟಾಗಿ ಇಟ್ಟಿದ್ದಕ್ಕೆಲ್ಲ ಪಾಚಿ ಹಿಡಿಯತ್ತೆ.

ಮಳೆಗಾಲದ ವಿಷಯ ಮುಚ್ಚಿಟ್ರೆ ಸುಳ್ಳು ಹೇಳಿದ ಹಾಗಾಗತ್ತೆ. ಕರೆಂಟ್ ಹೋಗೋದೂ ಜುಲೈಲೇ, ಸೂರ್ಯ ಇಲ್ಲದಿರೋದೂ ಜುಲೈಲೇ. ಬಿಸಿಲಲ್ಲಿ 3 ಆಂಪ್ ಕೊಡೋದು ಕಾರ್ಮೋಡದಲ್ಲಿ 0.3, ಸ್ವಲ್ಪ ಬೆಳಗಿದ್ರೆ 0.5. ಎಂಟು ಗಂಟೆಗೆ ಸರಾಸರಿ 0.4 ಅಂತ ಹಿಡಿದ್ರೂ ದಿನಕ್ಕೆ 40 ವ್ಯಾಟ್ ಅವರ್ ಸಿಕ್ರೆ ಹೆಚ್ಚು. 65 ವ್ಯಾಟಿನ ಪ್ಯಾನಲ್ಲಿಂದ 5 ವ್ಯಾಟಿನ ಒಂದು ಬಲ್ಬು ನಾಲ್ಕು ಗಂಟೆ, ಮತ್ತೆ ಒಂದು ಮೊಬೈಲು. ಅಷ್ಟೇ. ಅಷ್ಟಕ್ಕೇ ಮಾಡಿದ್ದು ಅಂತ ಅಂದ್ಕೊಂಡ್ರೆ ಸರಿಯಾಗತ್ತೆ, ಫ್ರಿಜ್ಜು ಗ್ರೈಂಡರ್ ಅಂತ ಹೊರಟ್ರೆ ಇಲ್ಲ.

ಆ ವರ್ಷ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸೀತಲ್ಲ, ಆ ವಾರ ನಮ್ಮಲ್ಲಿ ನಾಲ್ಕು ದಿನ ಕರೆಂಟ್ ಇರ್ಲಿಲ್ಲ. ಅತ್ತೆಯ ತಂಗಿ ಮನೆ ಅಂಕೋಲಾ ಕಡೆ. ಅಕ್ಕಪಕ್ಕದ ಮೂರು ಮನೆಯವ್ರು ಮೊಬೈಲ್ ಹಿಡ್ಕೊಂಡು ನಮ್ಮ ಕೊಟ್ಟಿಗೆಗೆ ಬಂದ್ರು, ದನದ ಗೊಂತಿನ ಮೇಲೆ ಸಾಲಾಗಿ ಫೋನು, ಒಂದಾದ್ಮೇಲೆ ಒಂದಕ್ಕೆ ಸರದಿ, ನೆಟ್‌ವರ್ಕ್ ಸಿಗೋಕೆ ಬೆಟ್ಟ ಹತ್ತಬೇಕು. ಎರಡನೇ ದಿನ ಸಂಜೆ ಅತ್ತೆಗೆ ಫೋನ್ ಹತ್ತಿತು, ಎಲ್ಲ ಆರಾಮಿದ್ದೀವಿ ಅಂದ್ರು. ಅತ್ತೆ ಕೊಡೆ ಕೆಳಗೆ ನಿಂತು ಅತ್ರು. ಬಲ್ಬಿಗೆ ಅಂತ ಉಳಿಸಿದ್ದು ಫೋನಿಗೆ ಖರ್ಚಾಗಿ ಮಾರನೇ ಬೆಳಿಗ್ಗೆ ಮತ್ತೆ ಟಾರ್ಚಲ್ಲೇ ಹಾಲು ಕರೆದಿದ್ದು.

ಮಾವ ಮೊದಲಿಂದ ಗೋಡೆ ಕ್ಯಾಲೆಂಡರಲ್ಲಿ ಮಳೆ ಬರೆದಿಡ್ತಾರೆ, ಅಂಗಳದಲ್ಲಿ ಅಳತೆ ಡಬ್ಬಿ ಇದೆ, ದಿನಾ ಬೆಳಿಗ್ಗೆ ಎಂಟಕ್ಕೆ ಎಷ್ಟು ಮಿಲಿಮೀಟರ್ ಅಂತ. ಆ ಜುಲೈಯಿಂದ ಪಕ್ಕದಲ್ಲಿ ಇನ್ನೊಂದು ನಂಬರ್ ಶುರುವಾಗಿದೆ. ಮಧ್ಯಾಹ್ನ ಹನ್ನೆರಡಕ್ಕೆ ಹೆಗಲ ಮೇಲಿನ ಪಂಜಿಯಿಂದ ಗಾಜು ಒರೆಸಿ, ಮೀಟರ್ ನೋಡಿ ಬಂದು ಬರೀತಾರೆ. ಮ 96, ಬಿ 0.3. ಮ 118, ಬಿ 0.2. ಮ 41, ಬಿ 0.6. ಆಗಸ್ಟ್ ಮಧ್ಯದಲ್ಲಿ ಒಂದು ಕಡೆ ಮ ಸೊನ್ನೆ, ಬಿ 2.9 ಅಂತ ಇದೆ, ಅದರ ಕೆಳಗೆ ಸಣ್ಣಕ್ಷರದಲ್ಲಿ, ಅಡಿಕೆಗೆ ಕೊಳೆರೋಗದ ಔಷಧಿ ಎರಡನೇ ಸಲ ಹೊಡೆದಿದ್ದು.